ಹತ್ತು ಪ್ಲೇಟಿನ ಕಾದಂಬರಿ

ಹನ್ನೆರಡು ಅಂಗುಲದ ಹಳೆಯ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಲ್ಲಿ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಒಂದು ದೇವರನಾಮಕ್ಕೆ, ಒಂದು ರಂಗಗೀತೆಗೆ ಅಷ್ಟು ಸಾಕು. ಕಾದಂಬರಿಗೆ ಸಾಲದು. ಗಟ್ಟಿಯಾಗಿ ಓದಿದರೆ ಎಂಟು ಗಂಟೆ ಹಿಡಿಯುವ ಪುಸ್ತಕವನ್ನು ತುಂಬಿಸಲು ಅಂಥ ಅರವತ್ತು ಪ್ಲೇಟು ಬೇಕು. ಕೇಳುವವರು ನೂರಿಪ್ಪತ್ತು ಸಲ ಎದ್ದು ಮುಳ್ಳು ಇಡಬೇಕು. ಪತ್ತೇದಾರಿ ಕತೆಯಾದರೆ, ಕೊಲೆಗಾರ ಯಾರೆಂದು ತಿಳಿಯುವ ಹೊತ್ತಿಗೆ ಕೇಳುಗರಿಗೇ ಯಾರನ್ನಾದರೂ ಕೊಲ್ಲೋಣ ಎನಿಸಿರುತ್ತದೆ.

ಬೇಗೂರಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವವರು ಈಗ ಹೊಂಗಸಂದ್ರದಲ್ಲಿ ಹಳದಿ ಮಾರ್ಗದ ಮೆಟ್ರೊ ಹತ್ತುತ್ತಾರೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿದರೆ ನಿನ್ನೆ ಬಿಟ್ಟ ವಾಕ್ಯದಿಂದಲೇ ಕಾದಂಬರಿ ಮುಂದುವರಿಯುತ್ತದೆ. ಇದು ಮೊಬೈಲ್ ಕಂಪನಿಗಳು ನಮಗೆ ಕೊಟ್ಟ ಸವಲತ್ತು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಆ ಅರವತ್ತು ಪ್ಲೇಟನ್ನು ಹತ್ತಕ್ಕೆ ಇಳಿಸಲೇಬೇಕೆಂದು ಹಟ ಹಿಡಿದವರು ಕಣ್ಣು ಕಾಣದವರು. ಉಳಿದವರ ಪಾಲಿಗೆ ಅದು ಆಮೇಲೆ ಬಂತು.

ಯೋಚನೆಯೇನೋ ಯಂತ್ರದಷ್ಟೇ ಹಳೆಯದು. ಥಾಮಸ್ ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದ. ಮರುವರ್ಷ ‘ನಾರ್ತ್ ಅಮೆರಿಕನ್ ರಿವ್ಯೂ’ ಪತ್ರಿಕೆಯಲ್ಲಿ ಇದರಿಂದ ಏನೇನು ಮಾಡಬಹುದು ಎಂದು ಪಟ್ಟಿ ಕೊಟ್ಟ. ಕಾಗದ ಬರೆಸುವುದು, ಗೊಂಬೆ ಮಾತಾಡಿಸುವುದು, ಮನೆಯ ಹಿರಿಯರ ಕೊನೆಯ ಮಾತು ಉಳಿಸಿಕೊಳ್ಳುವುದು ಎಲ್ಲ ಅದರಲ್ಲಿದ್ದವು. ಅಂಧರಿಗಾಗಿ ಓದುವ ಪುಸ್ತಕವೂ ಇತ್ತು. ಆದರೆ ಅವನ ಮೊದಲ ಯಂತ್ರದಲ್ಲಿ ಸದ್ದು ಕೂರುತ್ತಿದ್ದದ್ದು ತವರದ ತೆಳು ಹಾಳೆಯ ಮೇಲೆ, ಅದೂ ನಿಮಿಷಗಳ ಲೆಕ್ಕದಲ್ಲಿ. ನಾಲ್ಕಾರು ಸಲ ಓಡಿಸಿದರೆ ಹಾಳೆಯೇ ಸವೆದುಹೋಗುತ್ತಿತ್ತು. ಪುಸ್ತಕದ ಮಾತು ಐವತ್ತು ವರ್ಷಕ್ಕೂ ಮಿಕ್ಕಿ ಪಟ್ಟಿಯಲ್ಲೇ ಉಳಿಯಿತು.

ಅದನ್ನು ಎತ್ತಿಕೊಂಡವರು ಅಮೆರಿಕದ ಅಂಧರ ಪ್ರತಿಷ್ಠಾನದ ರಾಬರ್ಟ್ ಇರ್ವಿನ್. ಐದನೆಯ ವಯಸ್ಸಿಗೇ ದೃಷ್ಟಿ ಕಳೆದುಕೊಂಡವರು. ಅವರ ಲೆಕ್ಕ ನೇರವಾಗಿತ್ತು. ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಅದನ್ನು 33ಕ್ಕೆ ಇಳಿಸಿ ಗೀರುಗಳನ್ನು ಇನ್ನಷ್ಟು ಸಣ್ಣದಾಗಿ, ಒತ್ತೊತ್ತಾಗಿ ಕೊರೆದರೆ ಒಂದು ಮಗ್ಗುಲಿಗೆ ಕಾಲು ಗಂಟೆ ಸಿಗುತ್ತದೆ. ವೇಗ ತಗ್ಗಿದರೆ ಸದ್ದಿನ ಮೇಲಿನ ಸ್ತರಗಳು ಮಂಕಾಗುತ್ತವೆ, ನಿಜ. ಪಿಟೀಲಿಗೆ ಅದು ದೊಡ್ಡ ನಷ್ಟ, ಮಾತಿಗೆ ಅಷ್ಟಿಲ್ಲ. ಸಂಗೀತದವರು ಒಪ್ಪದ ಚೌಕಾಸಿಯನ್ನು ಓದುವವರು ಒಪ್ಪಬಹುದಿತ್ತು. ಇಡೀ ಆವಿಷ್ಕಾರದ ಗುಟ್ಟು ಇಷ್ಟೇ ಎಂದು ನನಗನ್ನಿಸುತ್ತದೆ. ಅರಗಿನ ಪ್ಲೇಟು ಅಂಚೆಯಲ್ಲಿ ಒಡೆಯುತ್ತಿತ್ತು, ಅದಕ್ಕೆ ಒಡೆಯದ ಪ್ಲಾಸ್ಟಿಕ್ ಹುಡುಕಬೇಕಾಯಿತು. ಪ್ರಕಾಶಕರಿಗೆ ಬೇರೆ ಭಯ: ಇದು ಎಲ್ಲರ ಕೈಗೂ ಹೋದರೆ ಪುಸ್ತಕ ಕೊಳ್ಳುವವರು ಯಾರು? ಅಂಧರಿಗಲ್ಲದೆ ಇನ್ನಾರಿಗೂ ಕೊಡುವುದಿಲ್ಲ ಎಂಬ ಕರಾರಿನ ಮೇಲೆ ಅವರು ಒಪ್ಪಿದರು. 1934ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಮೂಲಕ ಮೊದಲ ‘ಮಾತಾಡುವ ಪುಸ್ತಕ’ಗಳು ಹೊರಟವು. ಬೈಬಲ್ಲಿನ ಭಾಗಗಳು, ಶೇಕ್ಸ್‌ಪಿಯರ್ ಅವುಗಳಲ್ಲಿದ್ದವು.

ಇಲ್ಲಿ ಹೆಲೆನ್ ಕೆಲರ್ ಅವರ ಪಾತ್ರ ವಿಚಿತ್ರವಾದದ್ದು. ಮೊದಲಿಗೆ ಅವರು ಈ ಯೋಜನೆಗೆ ವಿರುದ್ಧವಿದ್ದರು. ಆರ್ಥಿಕ ಕುಸಿತದ ಕಾಲ. ಅಷ್ಟೊಂದು ಜನ ಕೆಲಸವಿಲ್ಲದೆ ಬೀದಿಯಲ್ಲಿರುವಾಗ ಇಂಥ ಸುಖಕ್ಕೆ ಹಣ ಕೇಳಬಾರದು ಎಂಬುದು ಅವರ ನಿಲುವು. ಎರಡು ವರ್ಷ ಕಳೆಯುವಷ್ಟರಲ್ಲಿ ಅವರೇ ಸರ್ಕಾರದ ಮುಂದೆ ಅದಕ್ಕಾಗಿ ವಾದಿಸಿದರು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್, ನಿರುದ್ಯೋಗಿಗಳಿಗೆ ಕೆಲಸ ಕೊಡುವ ಯೋಜನೆಯಡಿಯಲ್ಲೇ ಈ ಪುಸ್ತಕಗಳನ್ನು ನುಡಿಸುವ ಯಂತ್ರ ಮಾಡಿಸಲು ಒಪ್ಪಿದರು. ಕಣ್ಣಿನ ಜೊತೆಗೆ ಕಿವಿಯೂ ಇಲ್ಲದ ಕೆಲರ್ ತಮಗೆಂದೂ ಕೇಳಿಸದ ಪುಸ್ತಕಗಳಿಗಾಗಿ ಹೀಗೆ ಓಡಾಡಿದರು.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕ್ಯಾಪ್ಟನ್ ಇಯಾನ್ ಫ್ರೇಸರ್ ಇನ್ನೊಂದು ಕಡೆಯಿಂದ ಅಲ್ಲಿಗೇ ಬಂದಿದ್ದರು. 1916ರ ಸೋಮ್ ಕದನದಲ್ಲಿ ಗುಂಡೇಟಿನಿಂದ ಕಣ್ಣು ಕಳೆದುಕೊಂಡಾಗ ಅವರಿಗೆ ಹದಿನೆಂಟು. ಹುಟ್ಟುಕುರುಡರ ಬೆರಳು ಚಿಕ್ಕಂದಿನಲ್ಲೇ ಬ್ರೈಲ್‌ಗೆ ಪಳಗುತ್ತದೆ. ಬಂದೂಕು ಹಿಡಿದ ಒರಟು ಬೆರಳಿಗೆ ಅದು ಸುಲಭದ ಪಾಠವಲ್ಲ. ಫ್ರೇಸರ್ ಮತ್ತು ಅವರ ಜೊತೆಗಾರರು ವೇಗವನ್ನು ನಿಮಿಷಕ್ಕೆ 24 ಸುತ್ತಿಗೆ ಇಳಿಸಿದರು. ಮಗ್ಗುಲಿಗೆ 25 ನಿಮಿಷ ದಕ್ಕಿತು. ಸಾಧಾರಣ ಗಾತ್ರದ ಕಾದಂಬರಿ ಹತ್ತು ಪ್ಲೇಟಿನಲ್ಲಿ ಮುಗಿಯಿತು. 1935ರಲ್ಲಿ ಅಂಚೆ ಪೆಟ್ಟಿಗೆಯಲ್ಲಿ ಮನೆಮನೆಗೆ ಹೋದ ಮೊದಲ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಇತ್ತು, ಜೋಸೆಫ್ ಕಾನ್ರಾಡನ ‘ಟೈಫೂನ್’ ಇತ್ತು. ಅಂಧರಿಗೆ ಓದಿಸುವುದೆಂದರೆ ಧರ್ಮಗ್ರಂಥವನ್ನೋ ನೀತಿಬೋಧೆಯನ್ನೋ ಓದಿಸುವುದು ಎಂಬ ಅಭ್ಯಾಸದ ನಡುವೆ, ಒಳ್ಳೆಯ ಕೊಲೆ ಕತೆಯೊಂದನ್ನು ಆರಿಸಿದವರ ಬಗ್ಗೆ ನನಗೆ ಅಭಿಮಾನವಿದೆ.

ಕೊಲಂಬಿಯಾ ಕಂಪನಿ 33 ಸುತ್ತಿನ ಎಲ್‌ಪಿ ರೆಕಾರ್ಡನ್ನು ಮಾರುಕಟ್ಟೆಯಲ್ಲಿ ಗೆಲ್ಲಿಸಿದ್ದು 1948ರಲ್ಲಿ. ಅಂದರೆ ಜಗತ್ತು ಹೊಸದೆಂದು ಬೆರಗಾದ ವಸ್ತು ಅಂಧರ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ತಿರುಗುತ್ತಿತ್ತು.

1935 ಎಂದಾಗ ಕನ್ನಡಿಗರಿಗೆ ಇನ್ನೊಂದು ನೆನಪಾಗಬೇಕು. ಆ ವರ್ಷದ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಲಂಡನ್ನಿನಲ್ಲಿ ಪ್ಲೇಟು, ಮೈಸೂರಿನಲ್ಲಿ ಗಾಳಿ. ಎರಡೂ ಕಡೆ ಒಂದೇ ವರ್ಷ ಮಾತು ಮನೆಯೊಳಕ್ಕೆ ಬಂತು.

ನಮಗೆ ಅದನ್ನು ಒಪ್ಪಿಕೊಳ್ಳುವುದು ಕಷ್ಟವಾಗಲಿಲ್ಲ, ಏಕೆಂದರೆ ಪುಸ್ತಕವನ್ನು ಕೇಳುವುದು ಇಲ್ಲಿ ಹೊಸದಲ್ಲ. ಹಳೆಯ ಕಾವ್ಯ, ಪುರಾಣಗಳ ಕೊನೆಯಲ್ಲಿ ಫಲಶ್ರುತಿ ಬರುತ್ತದಲ್ಲ, ಅಲ್ಲಿ ಓದಿದವರಿಗೆ ಎಷ್ಟು ಪುಣ್ಯವೋ ಕೇಳಿದವರಿಗೂ ಅಷ್ಟೇ. ಕೇಳಿದರೆ ಓದಿದಂತಾಯಿತೇ ಎಂದು ಈಗ ಜಗಳವಾಡುವವರು ಅದನ್ನೊಮ್ಮೆ ನೋಡಬಹುದು. ಕುಮಾರವ್ಯಾಸ ಭಾರತ, ಜೈಮಿನಿ ಭಾರತ ಹಳ್ಳಿಯ ಚಾವಡಿಗೆ ಇಳಿದದ್ದು ಗಮಕಿಗಳ ಕಂಠದಿಂದ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕೇಳಿಸುವ ಓದಿಗೆ ಸಿಕ್ಕ ಮನ್ನಣೆ ಎಂದು ನಾನದನ್ನು ಓದಿಕೊಂಡೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಶಾಸನವನ್ನೇ ತೆಗೆದುಕೊಳ್ಳಿ. ಕ್ರಿ.ಶ. 890ರ ಸುಮಾರಿನದು, ಬೆಂಗಳೂರು ಎಂಬ ಊರಿನ ಹೆಸರು ಮೊದಲಿಗೆ ಕಾಣುವುದು ಅದರಲ್ಲಿ, ಅದೂ ಒಂದು ಕಾಳಗದ ನೆಪದಲ್ಲಿ. ಅದನ್ನು ನಿಲ್ಲಿಸಿದ ದಿನ ಸುತ್ತ ನೆರೆದವರಲ್ಲಿ ಅಕ್ಷರ ಬಲ್ಲವರು ಎಷ್ಟು ಮಂದಿ ಇದ್ದಾರು? ಒಬ್ಬ ಓದಿರಬೇಕು, ಉಳಿದವರು ಕೇಳಿರಬೇಕು. ನನ್ನ ಊಹೆ ಅಷ್ಟೇ, ಆದರೆ ಬೇರೆ ದಾರಿಯೂ ಕಾಣುವುದಿಲ್ಲ.

ಹಾಗಾದರೆ ಹೊಸದಾಗಿ ಸಿಕ್ಕಿದ್ದೇನು? ಗಮಕದಲ್ಲಿ ನಾಲ್ಕು ಜನರ ನಡುವೆ ಕೂರಬೇಕು; ವ್ಯಾಖ್ಯಾನಕಾರರು ನಡುವೆ ತಡೆದು ಅರ್ಥ ಹೇಳುತ್ತಾರೆ; ನಿದ್ದೆ ಬಂದರೆ ಪಕ್ಕದವರು ನೋಡುತ್ತಾರೆ. ಒಬ್ಬರೇ ಕೇಳುವುದು, ಬೇಕಾದಲ್ಲಿ ನಿಲ್ಲಿಸುವುದು, ಹಿಂದಕ್ಕೆ ಹೋಗಿ ಆ ಮಾತನ್ನು ಮತ್ತೆ ಕೇಳುವುದು ಇವು ಯಂತ್ರದ ಕೊಡುಗೆ. ಕಣ್ಣಿನ ಓದಿಗೆ ಮಾತ್ರ ಇದ್ದ ಏಕಾಂತ ಕಿವಿಗೂ ದಕ್ಕಿತು.

ಮುಂದಿನದು ಬೇಗ ಹೇಳಬಹುದು. 1952ರಲ್ಲಿ ನ್ಯೂಯಾರ್ಕಿನ ಇಬ್ಬರು ತರುಣಿಯರು, ಬಾರ್ಬರಾ ಮತ್ತು ಮೇರಿಯಾನ್, ಕೇಡ್‌ಮನ್ ಎಂಬ ಕಂಪನಿ ಕಟ್ಟಿ ಕವಿ ಡಿಲನ್ ಥಾಮಸ್‌ನಿಂದ ಕವಿತೆ ಓದಿಸಿದರು. ರೆಕಾರ್ಡಿನ ಒಂದು ಮಗ್ಗುಲು ತುಂಬಿತು, ಇನ್ನೊಂದಕ್ಕೆ ಸರಕಿಲ್ಲ. ತಾನು ಹಿಂದೊಮ್ಮೆ ಪತ್ರಿಕೆಗೆ ಬರೆದ ಕ್ರಿಸ್ಮಸ್ ಬರಹವೊಂದು ಕವಿಗೆ ನೆನಪಾಯಿತು. ಜಾಗ ತುಂಬಲು ಓದಿದ ಆ ಬರಹ ಅವನ ಬಹು ಜನಪ್ರಿಯ ಬರಹಗಳಲ್ಲಿ ಒಂದಾಯಿತು. 1963ರಲ್ಲಿ ಫಿಲಿಪ್ಸ್ ಕ್ಯಾಸೆಟ್ ತಂತು. 1975ರಲ್ಲಿ ಡುವಾಲ್ ಹೆಕ್ಟ್ ಎಂಬ ಕ್ಯಾಲಿಫೋರ್ನಿಯಾದವನು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ದೋಣಿ ಹುಟ್ಟು ಹಾಕಿ ಚಿನ್ನ ಗೆದ್ದಿದ್ದವನು, ದಿನವೂ ಕಾರಿನಲ್ಲಿ ಲಾಸ್ ಏಂಜಲೀಸಿಗೆ ಹೋಗಿಬರುವ ಬೇಸರ ತಾಳದೆ ಕ್ಯಾಸೆಟ್ ಪುಸ್ತಕಗಳನ್ನು ಅಂಚೆಯಲ್ಲಿ ಬಾಡಿಗೆಗೆ ಕೊಡುವ ವ್ಯಾಪಾರ ಶುರುಮಾಡಿದ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಮ್ಮೆ ನಿಂತವರಿಗೆ ಈ ಮನುಷ್ಯನ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಗೆ ಮಾತಾಡುವ ಪುಸ್ತಕ ಕಣ್ಣಿದ್ದವರ ಕೈಗೆ ಪೂರ್ತಿ ಬಂತು.

ಕಣ್ಣಿಲ್ಲದವರ ಕೈಯಿಂದ ಅದು ಜಾರಬಾರದೆಂದು ದುಡಿದವರು ಬೇಗೂರಿಗೆ ದೂರವೇನಿಲ್ಲ. ಹೊಸೂರು ರಸ್ತೆ ದಾಟಿ ಎಚ್ಎಸ್ಆರ್ ಬಡಾವಣೆಗೆ ಹೋದರೆ ಮಿತ್ರ ಜ್ಯೋತಿ ಇದೆ. ಸ್ವತಃ ದೃಷ್ಟಿ ಇಲ್ಲದ ಮಧು ಸಿಂಘಾಲ್ 1990ರಲ್ಲಿ ಕಟ್ಟಿದ ಸಂಸ್ಥೆ. ಅದರ ಮಾತಾಡುವ ಪುಸ್ತಕಗಳ ಗ್ರಂಥಾಲಯಕ್ಕೆ ಸ್ವಯಂಸೇವಕರು ಓದಿ ಧ್ವನಿ ಕೊಟ್ಟಿದ್ದಾರೆ. ಪಠ್ಯಪುಸ್ತಕ ಓದುವುದು ಕಾದಂಬರಿ ಓದಿದಷ್ಟು ಸರಳವಲ್ಲ: ಪುಟದ ಸಂಖ್ಯೆ ಹೇಳಬೇಕು, ಚಿತ್ರವಿದ್ದರೆ ವಿವರಿಸಬೇಕು, ಕೋಷ್ಟಕವನ್ನು ಸಾಲು ಸಾಲಾಗಿ ಬಿಡಿಸಬೇಕು. ಸ್ವೀಡನ್ನಿನಲ್ಲಿ ಹುಟ್ಟಿ 1996ರಿಂದ ಅಂತರರಾಷ್ಟ್ರೀಯ ಒಕ್ಕೂಟವಾದ ‘ಡೈಸಿ’ ವಿಧಾನದಿಂದ ಕೇಳುವ ವಿದ್ಯಾರ್ಥಿ ಬೇಕಾದ ಅಧ್ಯಾಯಕ್ಕೆ, ಬೇಕಾದ ಪುಟಕ್ಕೆ ನೇರ ಹೋಗಬಹುದು. ಬಹುಕಾಲ ಇದಕ್ಕೆ ಕೃತಿಸ್ವಾಮ್ಯದ ಗೋಡೆ ಅಡ್ಡವಿತ್ತು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯಿಂದ, ಅಂಗವಿಕಲರಿಗೆ ಓದಲಾಗುವ ರೂಪಕ್ಕೆ ಪುಸ್ತಕವನ್ನು ಬದಲಿಸಲು ಪ್ರಕಾಶಕರ ಅಪ್ಪಣೆ ಬೇಡವಾಯಿತು. ಇದೇ ಆಶಯದ ಮರಕೇಶ್ ಒಪ್ಪಂದವನ್ನು 2014ರ ಜೂನ್‌ನಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ್ದು ಭಾರತ. ನಮ್ಮ ಸರ್ಕಾರಗಳು ಸರದಿಯಲ್ಲಿ ಮೊದಲು ನಿಂತ ಸಂದರ್ಭ ಕಡಿಮೆ, ಆದ್ದರಿಂದ ಹೇಳಿಬಿಡುವುದು ಒಳ್ಳೆಯದು.

ಇನ್ನು ಸುಖದ ಮಾತು. ಕನ್ನಡದಲ್ಲಿ ಕಿವಿಗೆಂದೇ ಬರೆದಂತಿರುವ ಪುಸ್ತಕಗಳಿವೆ. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ನಂಜನಗೂಡು ಸೀಮೆಯ ಆ ಮಾತು ಪುಟದ ಮೇಲೆ ಅನೇಕರಿಗೆ ಕಬ್ಬಿಣದ ಕಡಲೆಯಾಯಿತು. ಎಲ್. ಬಸವರಾಜು ಅದೇ ಗದ್ಯವನ್ನು ಸಾಲು ಮುರಿದು ಪದ್ಯದಂತೆ ಜೋಡಿಸಿ ಕೊಟ್ಟರು. ಉಸಿರು ಎಲ್ಲಿ ನಿಲ್ಲಬೇಕೆಂದು ಕಣ್ಣಿಗೆ ತೋರಿಸಿದ ಕೆಲಸ ಅದು. ಆ ಸೀಮೆಯವರು ಯಾರಾದರೂ ಗಟ್ಟಿಯಾಗಿ ಓದುವುದನ್ನು ಕೇಳಿದರೆ ಅರ್ಧ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ. ವೈದೇಹಿಯವರ ಕತೆಗಳ ಕುಂದಾಪುರ ಕನ್ನಡಕ್ಕೂ ಈ ಮಾತು ಸಲ್ಲುತ್ತದೆ. ನಮ್ಮ ಕಣ್ಣು ಶಿಷ್ಟ ಕನ್ನಡಕ್ಕೆ ಒಗ್ಗಿಹೋಗಿದೆ. ಕಿವಿ ಇನ್ನೂ ಎಲ್ಲ ಸೀಮೆಗೂ ತೆರೆದಿದೆ. ಬೇಗೂರಿನಂಥ ಕಡೆ, ಮಂಡ್ಯದವರೂ ಕಲಬುರಗಿಯವರೂ ಒಂದೇ ಗೋಡೆಯ ಆಚೀಚೆ ಇರುವಲ್ಲಿ, ಇದು ಸಣ್ಣ ಲಾಭವಲ್ಲ.

ಅದಕ್ಕೇ ಈಚಿನ ಕನ್ನಡ ಆಡಿಯೊ ಪುಸ್ತಕಗಳನ್ನು ಕೇಳುವಾಗ ನನ್ನದೊಂದು ತಕರಾರಿದೆ. ಎಷ್ಟೋ ಕಡೆ ಓದು ರೇಡಿಯೊ ನಾಟಕವಾಗಿಬಿಡುತ್ತದೆ. ಮಳೆ ಎಂದರೆ ಮಳೆಯ ಸದ್ದು, ವಿರಹ ಎಂದರೆ ಕೊಳಲು. ಫ್ರೇಸರ್ ಅವರ ಹತ್ತು ಪ್ಲೇಟಿನಲ್ಲಿ ಇದಕ್ಕೆ ಜಾಗವಿರಲಿಲ್ಲ, ಇದ್ದ 25 ನಿಮಿಷವೆಲ್ಲ ಮಾತಿಗೇ ಬೇಕಿತ್ತು. ಈಗ ಜಾಗ ಬೇಕಾದಷ್ಟಿದೆ. ಆದರೂ ಕುಂದಾಪುರದ ಕತೆಯನ್ನು ಕುಂದಾಪುರದವರಿಂದ, ನಂಜನಗೂಡಿನದನ್ನು ನಂಜನಗೂಡಿನವರಿಂದ ಓದಿಸಿ, ಕೊಳಲನ್ನು ಕಚೇರಿಗೆ ಕಳಿಸಿದರೆ ನನ್ನಂಥವರು ಇನ್ನೂ ನಾಲ್ಕು ಪುಸ್ತಕ ಹೆಚ್ಚಿಗೆ ಕೊಳ್ಳುತ್ತೇವೆ.