ವಠಾರವೂ ಮಧ್ಯಮವರ್ಗದ ಆದಾಯವೂ

ಬೆಂಗಳೂರಿನಲ್ಲಿ 1892ರಲ್ಲಿ ಚಾಮರಾಜಪೇಟೆಯೂ, 1898ರ ಪ್ಲೇಗಿನ ತರುವಾಯ ಬಸವನಗುಡಿ ಮಲ್ಲೇಶ್ವರಗಳೂ ಬೆಳೆದುವು. ಅಲ್ಲಿ ಗುಮಾಸ್ತರೂ ಉಪಾಧ್ಯಾಯರೂ ಮಿತವಾದ ಸಂಬಳದಲ್ಲಿ ನೆಮ್ಮದಿಯಾಗಿ ಬಾಳಿದುದು ಹೇಗೆಂಬುದು ವಿಚಾರಾರ್ಹವಾಗಿದೆ. ಸಂಬಳಕ್ಕೆ ನಿಲುಕದುದನ್ನು ನೆರೆಹೊರೆಯು ಒದಗಿಸುತ್ತಿದ್ದಿತು. ವಠಾರವೆಂದರೆ ಒಂದೇ ಅಂಗಳಕ್ಕೆ ಸೇರಿದ ಬಾಡಿಗೆಯ ಚಿಕ್ಕ ಮನೆಗಳ ಸಾಲು. ಅಲ್ಲಿ ಬಾವಿಯೂ ಒಗೆಯುವ ಕಲ್ಲೂ ಎಲ್ಲರವು. ಬಡ ವಿದ್ಯಾರ್ಥಿಗೆ ವಾರಾನ್ನ, ಎಂದರೆ ದಿನಕ್ಕೊಂದು ಮನೆಯ ಊಟ, ದೊರೆಯುತ್ತಿದ್ದಿತು. ಗ್ರಂಥಗಳನ್ನು ಕೊಳ್ಳಲಾರದವರಿಗೆ ಡಿ. ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಪುಸ್ತಕಭಂಡಾರವು ಒದಗಿತು. ಈ ಸೌಕರ್ಯಗಳಲ್ಲಿ ಕೆಲವು ಜಾತಿಯ ಎಲ್ಲೆಯನ್ನು ದಾಟುತ್ತಿದ್ದುದು ವಿರಳವೆಂಬುದನ್ನೂ ಮರೆಯಲಾಗದು. ಇಂದು ಅನೇಕ ವಠಾರಗಳ ಎಡೆಯಲ್ಲಿ ಬಹುಮಹಡಿಯ ಕಟ್ಟಡಗಳೆದ್ದಿವೆ. ಹಿಂದೆ ಹಂಚಿಕೊಂಡುದನ್ನು ಈಗ ಒಂದೊಂದು ಕುಟುಂಬವೂ ಬೆಲೆ ತೆತ್ತು ಪಡೆಯಬೇಕಾಗಿದೆ. ಆದುದರಿಂದ ಸಂಸಾರದ ಆದಾಯವನ್ನು ಅಳೆಯುವಲ್ಲಿ ಸಂಬಳದೊಡನೆ ನೆರೆಹೊರೆಯನ್ನೂ ಗಣಿಸುವುದು ಯುಕ್ತವು.