ಬರಹದ ಆಟಗಳಲ್ಲಿ ಪಾತ್ರದ ವೃತ್ತಿಯ ಆಯ್ಕೆ

ವೇಷಭೂಷಣ, ರಂಗಸಜ್ಜಿಕೆ, ಚಿತ್ರ ಇವು ಯಾವುವೂ ಇಲ್ಲದೆ, ಗಣಕಯಂತ್ರದ ತೆರೆಯ ಮೇಲೆ ಮೂಡುವ ವಾಕ್ಯಗಳನ್ನು ಓದುತ್ತ, ತಾನೂ ವಾಕ್ಯಗಳನ್ನೇ ಬರೆಯುತ್ತ ಒಂದು ಅದ್ಭುತಲೋಕದಲ್ಲಿ ಪಾತ್ರವಹಿಸುವ ಆಟಗಳು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳಲ್ಲಿ ಬೆಳೆದುವು. ಇವುಗಳಲ್ಲಿ ಹಲವನ್ನು ಪ್ರವೇಶಿಸುವವನಿಗೆ ಮೊದಲೇ ಎದುರಾಗುವ ಪ್ರಶ್ನೆಯೊಂದುಂಟು: ನೀನು ಯೋಧನೋ, ಮಾಂತ್ರಿಕನೋ, ಪುರೋಹಿತನೋ, ಕಳ್ಳನೋ? ಇದಕ್ಕೆ ಉತ್ತರ ಕೊಟ್ಟವನು ನಿಜವಾಗಿ ಆರಿಸಿಕೊಂಡದ್ದು ಏನನ್ನು ಎಂಬುದನ್ನು ಇಲ್ಲಿ ವಿವೇಚಿಸಬಯಸುತ್ತೇವೆ.

ಮೊದಲು ಪರಿಭಾಷೆಯ ಮಾತು. 'ಪಾತ್ರವರ್ಗ' ಎಂದರೆ ನಾಟಕದ ಪಾತ್ರಗಳ ಪಟ್ಟಿಯೆಂದು ಓದುಗರು ತಿಳಿದಾರು. 'ವೃತ್ತಿ' ಎಂಬುದಕ್ಕೆ ನಾಟ್ಯಶಾಸ್ತ್ರದಲ್ಲಿ ಬೇರೆಯೇ ಅರ್ಥವಿದೆ. ಆದರೂ ಕಸುಬು ಎಂಬ ರೂಢಾರ್ಥದಲ್ಲಿ ನಾವು ಎರಡನೆಯದನ್ನೇ ಬಳಸುತ್ತೇವೆ. ಧೀರೋದಾತ್ತ, ಧೀರಲಲಿತ ಮೊದಲಾದ ನಾಯಕಭೇದಗಳು ಸ್ವಭಾವವನ್ನು ಹೇಳುತ್ತವೆ. ಈ ಆಟಗಳ ವೃತ್ತಿಯಾದರೋ ಸಾಮರ್ಥ್ಯವನ್ನಷ್ಟೇ ಹೇಳುತ್ತದೆ. ಯೋಧನು ಹೇಡಿಯಾಗಿರಬಹುದು, ಕಳ್ಳನು ಕರುಣಾಳುವಾಗಿರಬಹುದು.

ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ 'ಮಡ್' ಎಂಬ ಆಟದಲ್ಲಿ ವೃತ್ತಿಗಳಿರಲಿಲ್ಲ. ಯೋಧ, ಮಾಂತ್ರಿಕ ಎಂಬ ಹೆಸರುಗಳಿದ್ದುವು ನಿಜ. ಆದರೆ ಅವು ಒಂದೇ ಏಣಿಯ ಮೆಟ್ಟಿಲುಗಳು. ಅಂಕ ಗಳಿಸುತ್ತ ಹೋದವನು ಮೊದಲು ಯೋಧನೆನಿಸಿ, ಕಟ್ಟಕಡೆಗೆ ಮಾಂತ್ರಿಕನಾಗುತ್ತಿದ್ದನು. ವೃತ್ತಿವಿಭಾಗದ ಮೂಲ ಬೇರೆಡೆಯದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ, ಮೇಜಿನ ಸುತ್ತ ಕುಳಿತು ಆಡುವ ಆಟದಲ್ಲಿ ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರೇ ವೃತ್ತಿಗಳಿದ್ದುವು; ಕಳ್ಳನು 1975ರ ಪುರವಣಿಯಲ್ಲಿ ಬಂದನು. ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು 1990-91ರಲ್ಲಿ ರಚಿಸಿದ 'ಡಿಕುಮಡ್' ಈ ನಾಲ್ವರನ್ನೂ ಬರಹದ ಆಟಕ್ಕೆ ತಂದುಕೊಂಡಿತು.

ಹೀಗೆ ತರುವಾಗ ಕ್ರಮವೊಂದು ತಲೆಕೆಳಗಾಯಿತು. ಇದನ್ನು ಗಮನಿಸುವವರು ವಿರಳ. ಮೇಜಿನ ಆಟದಲ್ಲಿ ಮೊದಲು ದಾಳ ಉರುಳಿಸಿ ಬಲ, ಬುದ್ಧಿ, ವಿವೇಕಗಳನ್ನು ಗೊತ್ತುಮಾಡಿ, ಬಂದ ಅಂಕಗಳಿಗೆ ತಕ್ಕ ವೃತ್ತಿಯನ್ನು ಹುಡುಕಬೇಕಾಗಿತ್ತು. ಡಿಕುಮಡ್ಡಿನ ಕುಲದ ಆಟಗಳಲ್ಲಿ ವೃತ್ತಿಯೇ ಮೊದಲು. ಯಂತ್ರವು ತಾನೇ ದಾಳ ಉರುಳಿಸಿ, ಅತ್ಯಧಿಕ ಅಂಕವನ್ನು ಯೋಧನಿಗೆ ಬಲವಾಗಿ, ಮಾಂತ್ರಿಕನಿಗೆ ಬುದ್ಧಿಯಾಗಿ, ಪುರೋಹಿತನಿಗೆ ವಿವೇಕವಾಗಿ, ಕಳ್ಳನಿಗೆ ಚುರುಕುತನವಾಗಿ ಕೊಡುತ್ತದೆ. ಅಲ್ಲಿ ಅದೃಷ್ಟವು ಆಯ್ಕೆಯನ್ನು ನಡೆಸಿದರೆ ಇಲ್ಲಿ ಆಯ್ಕೆಯೇ ಅದೃಷ್ಟವನ್ನು ಹಂಚುತ್ತದೆ. ದಡ್ಡನಾದ ಮಾಂತ್ರಿಕನು ಮೇಜಿನ ಬಳಿ ಹುಟ್ಟಬಹುದಿತ್ತು. ಇಲ್ಲಿ ಹುಟ್ಟುವುದು ಕಷ್ಟ. ನಮ್ಮ ಅಭಿಪ್ರಾಯದಲ್ಲಿ ಇದು ಆಟಕ್ಕೆ ಲಾಭ, ಪಾತ್ರಕ್ಕೆ ನಷ್ಟ.

ಹೊಸಬರಿಗೆ ಯೋಧನೇ ತಕ್ಕವನೆಂಬುದು ವಾಡಿಕೆಯ ಮಾತು, ತಪ್ಪೇನಲ್ಲ. ಪೆಟ್ಟು ತಾಳಬಲ್ಲನು, ಸಂಗಡಿಗನ ಮೇಲೆ ಬಿದ್ದ ಶತ್ರುವನ್ನು ತನ್ನತ್ತ ಸೆಳೆದುಕೊಳ್ಳಬಲ್ಲನು. ಕಳ್ಳನು ಬೆನ್ನಿಗೆ ಇರಿಯಬೇಕಾದರೆ ಕೈಯಲ್ಲಿ ಚುಚ್ಚುವ ಆಯುಧವಿರಬೇಕು, ಎದುರಾಳಿಯು ಇನ್ನೂ ಕಾದಾಟಕ್ಕೆ ತೊಡಗಿರಬಾರದು. ಆದುದರಿಂದ ಅವನ ಕೆಲಸ ಕಾಳಗದ ಮೊದಲ ಕ್ಷಣದ್ದು. ಮಾಂತ್ರಿಕನು ಆರಂಭದಲ್ಲಿ ದುರ್ಬಲ, ತಾಳ್ಮೆಯಿದ್ದವನಿಗೆ ಮುಂದೆ ಪ್ರಬಲ.

ಪುರೋಹಿತನ ವಿಷಯ ಬೇರೆ. ಮಾತಿನಲ್ಲೇ ನಡೆಯುವ ಈ ಲೋಕದ ವಿಶೇಷ ಅವನಲ್ಲಿ ಸ್ಪಷ್ಟವಾಗುತ್ತದೆ. ಸಂಗಡಿಗನತ್ತ ನೋಡಿದರೆ ಅವನ ಸ್ಥಿತಿ ಒಂದು ವಾಕ್ಯವಾಗಿ ಕಾಣಿಸುತ್ತದೆ: ಸಣ್ಣ ಗಾಯವೋ, ದೊಡ್ಡ ಗಾಯವೋ, ಮರಣಾವಸ್ಥೆಯೋ. ಕಾಳಗದ ಸಾಲುಗಳು ಸರಸರನೆ ಮೇಲಕ್ಕೆ ಸರಿಯುತ್ತಿರುವಾಗ ಆ ಒಂದು ವಾಕ್ಯವನ್ನು ಹೆಕ್ಕಿ ಓದಿ, ಗುಣಪಡಿಸುವ ಮಂತ್ರದ ಹೆಸರನ್ನೂ ಗಾಯಾಳುವಿನ ಹೆಸರನ್ನೂ ತಪ್ಪಿಲ್ಲದೆ ಬರೆಯಬೇಕು. ಮಂತ್ರಶಕ್ತಿಗೆ ಮಿತಿಯುಂಟು, ಮುಗಿದರೆ ಕುಳಿತೋ ಮಲಗಿಯೋ ಕೂಡಿಸಿಕೊಳ್ಳಬೇಕು. ಹೀಗಿರಲಾಗಿ ಪುರೋಹಿತನನ್ನು ಆರಿಸುವವನು ಸೌಮ್ಯವಾದ ಪಾತ್ರವನ್ನು ಆರಿಸಿದೆನೆಂದುಕೊಂಡರೂ, ವಸ್ತುತಃ ತಂಡದಲ್ಲೆಲ್ಲ ಎಚ್ಚರದಿಂದ ಓದಬೇಕಾದ ಓದುಗನ ಸ್ಥಾನವನ್ನು ಒಪ್ಪಿಕೊಂಡಿರುತ್ತಾನೆ. ಅವನು ಒಂದು ಸಾಲನ್ನು ತಪ್ಪಿಸಿದರೆ ಸಾಯುವವನು ಇನ್ನೊಬ್ಬನು.

ವೃತ್ತಿಯೇ ಇಲ್ಲದ ಪರಂಪರೆಯೂ ಉಂಟು. ಜೇಮ್ಸ್ ಆಸ್ಪ್ನೆಸ್ 1989ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ರಚಿಸಿದ 'ಟೈನಿಮಡ್' ಅಂಥದು. ಅಲ್ಲಿ ಆಟಗಾರನು ತನ್ನ ವರ್ಣನೆಯನ್ನು ತಾನೇ ಬರೆದುಕೊಳ್ಳಬೇಕು. ಮಾಂತ್ರಿಕನೆಂದು ಬರೆದುಕೊಂಡವನನ್ನು ಇತರರು ಮಾಂತ್ರಿಕನೆಂದು ಒಪ್ಪಿ ಮಾತನಾಡಿಸುವವರೆಗೂ ಅವನು ಮಾಂತ್ರಿಕನಲ್ಲ.