ಮಹಿಳೆಯರ ದೇಹದಾರ್ಢ್ಯ ಸ್ಪರ್ಧೆಗಳೂ ಆಹಾರಕ್ರಮದ ವಿಕಾರಗಳೂ

ಸ್ಪರ್ಧೆಯ ವೇದಿಕೆಯ ಮೇಲೆ ನಿಂತ ದೇಹದಾರ್ಢ್ಯಪಟುವು ಆರೋಗ್ಯದ ಪರಾಕಾಷ್ಠೆಯನ್ನು ಮುಟ್ಟಿದಂತೆ ನೋಡುವವರಿಗೆ ತೋರುವುದು ಸಹಜ. ಆದರೆ ಆ ದಿನದ ದೇಹವು ಹಲವು ತಿಂಗಳ ಅರೆಹೊಟ್ಟೆಯ ಫಲ. ಈ ಸ್ಪರ್ಧೆಗಳಲ್ಲಿ ತೊಡಗಿದ ಸ್ತ್ರೀಯರಲ್ಲಿ ಕೆಲವರಿಗೆ ಊಟವೇ ಭೀತಿಯ ವಸ್ತುವಾಗಿಬಿಡುತ್ತದೆ. ತುತ್ತು ತುತ್ತನ್ನೂ ತೂಗಿ ಉಣ್ಣುವುದು, ಸ್ಪರ್ಧೆ ಮುಗಿದೊಡನೆ ತಡೆಯಿಲ್ಲದೆ ತಿನ್ನುವುದು, ತಿಂದುದಕ್ಕಾಗಿ ಪರಿತಪಿಸಿ ಮತ್ತೆ ಉಪವಾಸ ಹಿಡಿಯುವುದು, ಹೀಗೆ ಅವರು ಒಂದು ಚಕ್ರಕ್ಕೆ ಸಿಕ್ಕಿಬೀಳುತ್ತಾರೆ. ಇದನ್ನು ಅವರವರ ಮನೋದೌರ್ಬಲ್ಯವೆಂದು ಹೇಳಿಬಿಡುವುದು ವಾಡಿಕೆ. ಅವರೂ ಹಾಗೆಯೇ ನಂಬಿ ಮೌನವಾಗುತ್ತಾರೆ. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಸಮಂಜಸವೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಸ್ಪರ್ಧೆಗಳ ಇತಿಹಾಸವನ್ನು ನೋಡೋಣ. ಸ್ತ್ರೀಯರನ್ನು ಸ್ನಾಯುಪುಷ್ಟಿಯ ದೃಷ್ಟಿಯಿಂದಲೇ ಪರೀಕ್ಷಿಸಿದ ಆದ್ಯ ಸ್ಪರ್ಧೆಗಳಲ್ಲಿ ಒಂದು 1977ರಲ್ಲಿ ಅಮೆರಿಕದ ಒಹಾಯೊ ಸಂಸ್ಥಾನದ ಕ್ಯಾಂಟನ್ ನಗರದಲ್ಲಿ ನಡೆಯಿತು. 1980ರಲ್ಲಿ ಫಿಲಡೆಲ್ಫಿಯದಲ್ಲಿ ಮಿಸ್ ಒಲಿಂಪಿಯ ಸ್ಪರ್ಧೆಯು ಆರಂಭವಾಗಿ, ರೇಚಲ್ ಮಕ್‌ಲಿಶ್ ಪ್ರಥಮ ವಿಜೇತೆಯಾದರು. ಸ್ತ್ರೀದೇಹದಲ್ಲಿ ಸ್ನಾಯು ಎಷ್ಟಿರಬೇಕೆಂಬ ವಿವಾದವೂ ಬೇಗನೆ ಹುಟ್ಟಿತು. 1983ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ಸ್ನಾಯುಪುಷ್ಟಿಯಲ್ಲಿ ಎಲ್ಲರನ್ನೂ ಮೀರಿಸಿದ್ದ ಆಸ್ಟ್ರೇಲಿಯದ ಬೆವ್ ಫ್ರಾನ್ಸಿಸ್ ಅವರಿಗೆ ದೊರೆತದ್ದು ಎಂಟನೆಯ ಸ್ಥಾನ. 2004ರ ಡಿಸೆಂಬರಿನಲ್ಲಿ ಐ.ಎಫ್.ಬಿ.ಬಿ. ಸಂಸ್ಥೆಯು, ಸ್ತ್ರೀಸ್ಪರ್ಧಿಗಳು ಸ್ನಾಯುಗಾತ್ರವನ್ನು ಶೇಕಡಾ 20ರಷ್ಟು ತಗ್ಗಿಸಬೇಕೆಂದು ಸೂಚನೆಯಿತ್ತಿತು. ಒಲಿಂಪಿಯದಲ್ಲಿ 1995ರಲ್ಲಿ ಫಿಟ್ನೆಸ್, 2003ರಲ್ಲಿ ಫಿಗರ್, 2010ರಲ್ಲಿ ಬಿಕಿನಿ ವಿಭಾಗಗಳು ಸೇರಿದವು. 2014ರ ಬಳಿಕ ನಿಂತುಹೋಗಿದ್ದ ಮಿಸ್ ಒಲಿಂಪಿಯ 2020ರಲ್ಲಿ ಮರಳಿತು.

ಈ ಪರಿವರ್ತನೆಗಳ ನಡುವೆ ಒಂದಂಶ ಗಮನಾರ್ಹ. ಸ್ನಾಯುವಿನ ಪ್ರಮಾಣವನ್ನು ಕುರಿತ ಮಾನದಂಡ ಹಲವು ಸಲ ಬದಲಾಯಿತು. ಕೊಬ್ಬು ಕಡಮೆಯಿರಬೇಕೆಂಬ ನಿರೀಕ್ಷೆ ಮಾತ್ರ ಉಳಿದುಕೊಂಡು ಬಂದಿತು. ಓಟಗಾರ್ತಿಗೆ ಗಡಿಯಾರವೂ ಭಾರ ಎತ್ತುವವಳಿಗೆ ತೂಕದ ಕಲ್ಲೂ ಸಾಕ್ಷಿ. ಇಲ್ಲಿ ದೇಹವು ಸಾಧನವಲ್ಲ, ದೇಹವೇ ಫಲಿತಾಂಶ. ಅಳೆಯುವುದು ತೀರ್ಪುಗಾರರ ಕಣ್ಣು. ಆದಕಾರಣ ಎಲ್ಲಿಗೆ ನಿಲ್ಲಿಸಬೇಕೆಂಬುದು ಸ್ಪರ್ಧಿಗೆ ತಿಳಿಯದು. ಪಕ್ಕದವಳು ತನಗಿಂತ ತೆಳ್ಳಗಿದ್ದರೆ ತನ್ನ ಊಟದಲ್ಲಿ ಇನ್ನೊಂದು ತುತ್ತು ಕಡಮೆಯಾಗಬೇಕು.

ದೇಹವು ಇದಕ್ಕೆ ಬೆಲೆ ತೆರುತ್ತದೆ. ತಿಂದ ಆಹಾರದ ಶಕ್ತಿಯಲ್ಲಿ ವ್ಯಾಯಾಮಕ್ಕೆ ವ್ಯಯವಾದುದನ್ನು ಕಳೆದು ಉಳಿದದ್ದು, ಕೊಬ್ಬನ್ನು ಬಿಟ್ಟ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು 30 ಕ್ಯಾಲರಿಗಿಂತ ಕಡಮೆಯಾದರೆ, ಅನೇಕ ಸ್ತ್ರೀಯರಲ್ಲಿ ಋತುಚಕ್ರವನ್ನು ನಿಯಂತ್ರಿಸುವ ಹಾರ್ಮೋನುಗಳು ಏರುಪೇರಾಗುತ್ತವೆ. ಉದಾಹರಣೆಗೆ, ಕೊಬ್ಬನ್ನು ಬಿಟ್ಟು 48 ಕಿಲೋಗ್ರಾಂ ತೂಗುವ ಸ್ತ್ರೀಯು 1500 ಕ್ಯಾಲರಿ ಉಂಡು 500ನ್ನು ವ್ಯಾಯಾಮದಲ್ಲಿ ಕಳೆದರೆ, ಉಳಿಯುವುದು ಕಿಲೋಗ್ರಾಮಿಗೆ 21 ಮಾತ್ರ. ಇದೇ ಸ್ಥಿತಿ ಮುಂದುವರಿದರೆ ಮುಟ್ಟು ನಿಲ್ಲಬಹುದು. ಈಸ್ಟ್ರೊಜೆನ್ ಇಳಿದು ಎಲುಬುಗಳ ಸಾಂದ್ರತೆ ಕುಗ್ಗಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2014ರಲ್ಲಿ ಇಂತಹ ಶಕ್ತಿಕೊರತೆಯ ಪರಿಣಾಮಗಳನ್ನು ಒಂದೇ ಹೆಸರಿನಡಿ ವಿವರಿಸಿ, ಅವು ಪುರುಷ ಕ್ರೀಡಾಪಟುಗಳನ್ನೂ ಬಾಧಿಸುವುವೆಂದು ತಿಳಿಸಿತು.

ಇನ್ನು ಮನಸ್ಸಿನ ವಿಚಾರ. ಈ ಸಂಬಂಧದಲ್ಲಿ ಕ್ರೀಡೆಗೆ ಸೇರದ ಒಂದು ಹಳೆಯ ಪ್ರಯೋಗವು ನಮಗೆ ದಾರಿ ತೋರುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸಲ್ ಕೀಸ್ ಅವರು 36 ಮಂದಿ ಆರೋಗ್ಯವಂತ ತರುಣರನ್ನು 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದರು. ಕ್ಷಾಮಪೀಡಿತರಿಗೆ ಮರಳಿ ಅನ್ನವಿಕ್ಕುವ ಸರಿಯಾದ ಕ್ರಮವನ್ನು ಅರಿಯುವುದು ಅದರ ಗುರಿ. ಆ ತರುಣರು ದೇಹತೂಕದಲ್ಲಿ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ಹಗಲಿರುಳೂ ಅವರಿಗೆ ಆಹಾರದ್ದೇ ಧ್ಯಾನ. ಕೆಲವರು ಪಾಕಪುಸ್ತಕಗಳನ್ನು ಸಂಗ್ರಹಿಸಿದರು. ಕೆಲವರು ತುಸುವೇ ಅನ್ನವನ್ನು ಬಹಳ ಹೊತ್ತು ಉಂಡರು. ನಿರ್ಬಂಧ ಸಡಿಲಗೊಂಡ ಬಳಿಕ ಕೆಲವರು ಎಷ್ಟು ತಿಂದರೂ ತೃಪ್ತಿ ಕಾಣಲಿಲ್ಲ. ಅವರು ಯಾವ ವೇದಿಕೆಯನ್ನೂ ಏರುವವರಾಗಿರಲಿಲ್ಲ, ಸೌಂದರ್ಯದ ಚಿಂತೆಯೂ ಅವರಿಗಿರಲಿಲ್ಲ. ಹಾಗಿದ್ದರೂ ಈ ಲಕ್ಷಣಗಳು ತಲೆದೋರಿದುವೆಂದ ಮೇಲೆ, ಅವುಗಳಲ್ಲಿ ಬಹುಭಾಗ ಹಸಿವಿನದೇ ಹೊರತು ಹಸಿದವರ ದೋಷವಲ್ಲವೆಂದು ಹೇಳಬೇಕಾಗುತ್ತದೆ.

ಎಲ್ಲ ಸ್ಪರ್ಧಿಗಳೂ ರೋಗಿಗಳೆಂದು ಇದರ ಅರ್ಥವಲ್ಲ. ಫಿನ್ಲೆಂಡಿನಲ್ಲಿ 27 ಮಂದಿ ಸ್ತ್ರೀಸ್ಪರ್ಧಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು 20 ವಾರಗಳ ಮಿತಾಹಾರದಿಂದ ಇಳಿದ ಹಾರ್ಮೋನುಗಳಲ್ಲಿ ಹೆಚ್ಚಿನವು ನಾಲ್ಕು ತಿಂಗಳ ಚೇತರಿಕೆಯಲ್ಲಿ ಮೊದಲಿನ ಮಟ್ಟಕ್ಕೆ ಮರಳಿದವು. ಥೈರಾಯ್ಡಿಗೆ ಸೇರಿದ ಟಿ3 ಮತ್ತು ಟೆಸ್ಟೊಸ್ಟೆರೋನ್ ಮಾತ್ರ ಪೂರ್ಣವಾಗಿ ಮರಳಲಿಲ್ಲ. ಎಂದರೆ, ಸ್ಪರ್ಧೆ ಒಂದು ದಿನಕ್ಕೆ ಮುಗಿದರೂ ದೇಹದ ಲೆಕ್ಕ ಅಂದೇ ಮುಗಿಯುವುದಿಲ್ಲ.

ಸ್ಪರ್ಧೆಗೆ ಮುಂಚಿನ ತಿಂಗಳುಗಳನ್ನು ಯೋಜಿಸುವಷ್ಟೇ ಎಚ್ಚರದಿಂದ ನಂತರದ ತಿಂಗಳುಗಳನ್ನೂ ಯೋಜಿಸಬೇಕು. ಮುಟ್ಟು ನಿಂತರೆ ಅದನ್ನು ಸಾಧನೆಯ ಗುರುತೆಂದು ಭಾವಿಸದೆ ವೈದ್ಯರಿಗೆ ತಿಳಿಸಬೇಕು. ಮಾನದಂಡಗಳನ್ನು ರಚಿಸುವ ಸಂಸ್ಥೆಗಳೂ ಹೊಣೆ ಹೊರಬೇಕು. ಅವರು ಬರೆದ ನಿಯಮವು ಕಡೆಗೆ ಒಬ್ಬಳ ಊಟದ ತಟ್ಟೆಗೆ ಬಂದು ತಲಪುತ್ತದೆ. ಉಣ್ಣಲು ಅಂಜುವವಳನ್ನು ದುರ್ಬಲೆಯೆಂದು ಜರೆಯುವ ಮೊದಲು, ಆಕೆ ಎಷ್ಟು ಕಾಲ ಹಸಿದಿದ್ದಳೆಂದು ಕೇಳುವುದು ನ್ಯಾಯ.